ಹಾರದ ಹಕ್ಕಿಯ ಚರಿತ್ರೆ: ವಿಮಾನದ ಯಂತ್ರ ಮತ್ತು ತಂತ್ರಾಂಶಗಳ ಪರೀಕ್ಷಾ ವೇದಿಕೆ



ವಿಮಾನದ ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ಆಕಾಶಕ್ಕೇರಿದವರ ಹೆಸರುಗಳು. ಮೊದಲು ಹಾರಿದವರು ಯಾರು, ಮೊದಲು ಸಾಗರ ದಾಟಿದವರು ಯಾರು, ಶಬ್ದದ ವೇಗವನ್ನು ಮೊದಲು ಮೀರಿದವರು ಯಾರು ಎಂಬ ಪ್ರಶ್ನೆಗಳು ಸಾಮಾನ್ಯ ಜ್ಞಾನದ ಸ್ಪರ್ಧೆಗಳಲ್ಲಿ ತಪ್ಪದೇ ಬರುತ್ತವೆ. ಆದರೆ ಇಂದಿನ ಕಂಪ್ಯೂಟರ್ ಚಾಲಿತ ವಿಮಾನಗಳ ಹಿಂದೆ ನೆಲ ಬಿಟ್ಟು ಒಂದು ಅಂಗುಲವೂ ಮೇಲೇಳದ ಇನ್ನೊಂದು ‘ವಿಮಾನ’ ಇರುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಅದಕ್ಕೆ ಬಣ್ಣವಿಲ್ಲ, ಅಂದವಿಲ್ಲ. ದೊಡ್ಡ ಶೆಡ್ಡಿನೊಳಗೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಪಂಪು, ಕೊಳವೆ, ಕಂಪ್ಯೂಟರ್, ರಾಶಿ ರಾಶಿ ತಂತಿ. ಎಂಜಿನಿಯರುಗಳು ಅದನ್ನು ಪ್ರೀತಿಯಿಂದ ‘ಐರನ್ ಬರ್ಡ್’ ಅಂದರೆ ‘ಕಬ್ಬಿಣದ ಹಕ್ಕಿ’ ಎಂದು ಕರೆಯುತ್ತಾರೆ. ವಿಮಾನದ ಯಂತ್ರಭಾಗಗಳನ್ನೂ ಅವುಗಳನ್ನು ನಡೆಸುವ ತಂತ್ರಾಂಶವನ್ನೂ ಒಟ್ಟಿಗೆ ಜೋಡಿಸಿ ಪರೀಕ್ಷಿಸುವ ವೇದಿಕೆ, ಅಂದರೆ ಟೆಸ್ಟ್ ಬೆಡ್ ಇದು.

ಭಾಷೆ ಕಲಿಸುವ ಮೇಷ್ಟರಿಗೂ ಈ ವಿಷಯಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಕನ್ನಡ ವ್ಯಾಕರಣದಲ್ಲಿ ಸಂಧಿಯ ಪಾಠ ಓದಿದವರಿಗೆ ಗೊತ್ತು: ಎರಡು ಪದಗಳು ಬೇರೆ ಬೇರೆ ನಿಂತಾಗ ಎರಡೂ ಸರಿಯಾಗಿಯೇ ಇರುತ್ತವೆ, ಕೂಡಿದಾಗ ಮಾತ್ರ ಒಂದು ಅಕ್ಷರ ಬಿದ್ದುಹೋಗುತ್ತದೆ, ಇಲ್ಲವೇ ಹೊಸದೊಂದು ಬಂದು ಸೇರುತ್ತದೆ. ಯಂತ್ರಗಳ ಲೋಕದಲ್ಲೂ ಹಾಗೆಯೇ. ಒಂದೊಂದು ಬಿಡಿಭಾಗವೂ ತನ್ನಷ್ಟಕ್ಕೆ ನೂರಕ್ಕೆ ನೂರು ಅಂಕ ಪಡೆದಿರಬಹುದು. ತಪ್ಪು ಹುಟ್ಟುವುದು ಅವು ಕೂಡುವ ಜಾಗದಲ್ಲಿ. ನೆಲದ ಮೇಲೆ ನಾವು ಕೂಡಿಸಿ ನೋಡದೆ ಬಿಟ್ಟಿದ್ದು ಆಕಾಶದಲ್ಲಿ ಮೊದಲ ಬಾರಿಗೆ ಕೂಡುತ್ತದೆ. ಈ ಒಂದು ಮಾತನ್ನು ಮನುಷ್ಯ ಎಷ್ಟು ಬೆಲೆ ತೆತ್ತು ಕಲಿತನು, ನಮ್ಮ ಬೆಂಗಳೂರು ಅದನ್ನು ಹೇಗೆ ಕಲಿತಿತು ಎಂಬುದೇ ಈ ಲೇಖನದ ವಸ್ತು.

ಗಾಳಿಯ ಸುರಂಗದಿಂದ ಮರದ ಗ್ಲೈಡರಿನವರೆಗೆ

ಹಾರುವ ಮೊದಲು ನೆಲದ ಮೇಲೆ ಪರೀಕ್ಷಿಸಬೇಕೆಂಬ ವಿವೇಕ ವಿಮಾನದಷ್ಟೇ ಹಳೆಯದು. ಅಮೆರಿಕದ ರೈಟ್ ಸಹೋದರರು 1901ರಲ್ಲಿ ತಮ್ಮ ಗ್ಲೈಡರ್ ನಿರೀಕ್ಷಿಸಿದಷ್ಟು ಮೇಲೇಳದಿದ್ದಾಗ ನಿರಾಶರಾಗಿದ್ದರು. ಆದರೆ ಅವರು ಕೈಚೆಲ್ಲಿ ಕೂರಲಿಲ್ಲ. ಡೇಟನ್ ಊರಿನ ತಮ್ಮ ಸೈಕಲ್ ಅಂಗಡಿಯಲ್ಲಿ ಮರದ ಪೆಟ್ಟಿಗೆಯೊಂದನ್ನು ಮಾಡಿ, ಒಂದು ತುದಿಯಿಂದ ಫ್ಯಾನಿನ ಗಾಳಿ ಹಾಯಿಸಿ, ಪುಟ್ಟ ಪುಟ್ಟ ರೆಕ್ಕೆಗಳ ಮಾದರಿಗಳನ್ನು ಒಳಗಿಟ್ಟು ಅಳೆದರು. ಸುಮಾರು 200 ಬಗೆಯ ರೆಕ್ಕೆಗಳನ್ನು ಹೀಗೆ ಪರೀಕ್ಷಿಸಿದ ಮೇಲೆಯೇ 1903ರ ಡಿಸೆಂಬರ್ 17ರ ಹಾರಾಟ ಸಾಧ್ಯವಾಯಿತು.

ನಮ್ಮ ನಾಡಿನಲ್ಲೂ ಇಂಥದೊಂದು ಉದಾಹರಣೆ ಇದೆ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ, ಅಂದರೆ ಎಚ್.ಎ.ಎಲ್., ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ‘ಮಾರುತ್’ ಯುದ್ಧವಿಮಾನವನ್ನು ರೂಪಿಸುತ್ತಿದ್ದಾಗ, ಅದೇ ಆಕಾರದ ಎಂಜಿನ್ ಇಲ್ಲದ ಮರದ ಗ್ಲೈಡರ್ ಒಂದನ್ನು ಕಟ್ಟಲಾಯಿತು. 1959ರಲ್ಲಿ ಅದನ್ನು ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆಳೆದು, ಬಿಟ್ಟು, ಅದರ ನಡತೆಯನ್ನು ತಿಳಿದುಕೊಂಡರು. ನಿಜವಾದ ಮಾರುತ್ 1961ರ ಜೂನ್ 17ರಂದು ಹಾರಿತು.

ಆ ಕಾಲಕ್ಕೆ ಇಷ್ಟು ಸಾಕಾಗಿತ್ತು. ಏಕೆಂದರೆ ಆಗಿನ ವಿಮಾನದಲ್ಲಿ ಪೈಲಟ್ ಹಿಡಿದ ಕೋಲಿಗೂ ರೆಕ್ಕೆಯ ತುದಿಯ ಹಲಗೆಗೂ ನಡುವೆ ಉಕ್ಕಿನ ಸರಳು, ಹಗ್ಗ, ರಾಟೆಗಳ ನೇರ ಸಂಬಂಧವಿತ್ತು. ಕೈ ಎಳೆದರೆ ಹಲಗೆ ಅಲುಗುತ್ತಿತ್ತು. ನಡುವೆ ಯೋಚನೆ ಮಾಡುವ ಮೂರನೆಯವನು ಇರಲಿಲ್ಲ. ಆ ಮೂರನೆಯವನಾಗಿ ಕಂಪ್ಯೂಟರ್ ಬಂದಾಗ ಪರೀಕ್ಷೆಯ ಸ್ವರೂಪವೇ ಬದಲಾಯಿತು.

ಚಂದ್ರಯಾನದ ಕಂಪ್ಯೂಟರ್ ವಿಮಾನಕ್ಕೆ ಇಳಿದಾಗ

1970ರ ಸುಮಾರಿಗೆ ಅಮೆರಿಕದ ನಾಸಾ ಸಂಸ್ಥೆಯ ಕೆಲವು ಎಂಜಿನಿಯರುಗಳು ಒಂದು ಧೈರ್ಯದ ಆಲೋಚನೆ ಮಾಡಿದರು. ಸರಳು, ಹಗ್ಗಗಳನ್ನೆಲ್ಲ ಕಿತ್ತುಹಾಕಿ, ಪೈಲಟ್‌ನ ಕೈಯ ಚಲನೆಯನ್ನು ವಿದ್ಯುತ್ ಸಂಕೇತವಾಗಿ ಕಂಪ್ಯೂಟರಿಗೆ ಕೊಟ್ಟು, ಕಂಪ್ಯೂಟರೇ ರೆಕ್ಕೆಯ ಹಲಗೆಗಳನ್ನು ಆಡಿಸಿದರೆ ಹೇಗೆ? ಇದಕ್ಕೆ ‘ಫ್ಲೈ ಬೈ ವೈರ್’ ಎಂದು ಹೆಸರು. ಆಗ ನಾಸಾದ ಆಡಳಿತದಲ್ಲಿದ್ದ ನೀಲ್ ಆರ್ಮ್‌ಸ್ಟ್ರಾಂಗ್, ತಾನು ಚಂದ್ರನ ಮೇಲೆ ಇಳಿದಾಗ ನೆಚ್ಚಿಕೊಂಡಿದ್ದ ಅಪೊಲೊ ಕಂಪ್ಯೂಟರನ್ನೇ ಏಕೆ ಬಳಸಬಾರದು ಎಂದು ಸೂಚಿಸಿದರು. ಹಾಗೆಯೇ ಆಯಿತು. ನೌಕಾಪಡೆಯ ಹಳೆಯ ಎಫ್-8 ಯುದ್ಧವಿಮಾನವೊಂದನ್ನು ಆರಿಸಿ ಅದರಲ್ಲಿ ಆ ಕಂಪ್ಯೂಟರನ್ನು ಕೂರಿಸಿದರು.

ಆದರೆ ನೇರವಾಗಿ ಪೈಲಟ್‌ನನ್ನು ಕೂರಿಸಿ ಕಳಿಸಲಿಲ್ಲ. ಇನ್ನೊಂದು ಎಫ್-8ರ ಒಡಲನ್ನು ಶೆಡ್ಡಿನೊಳಗೆ ನಿಲ್ಲಿಸಿ, ಅದಕ್ಕೆ ಅದೇ ಕಂಪ್ಯೂಟರ್ ವ್ಯವಸ್ಥೆ ಮತ್ತು ಅದೇ ಹೈಡ್ರಾಲಿಕ್ ಭಾಗಗಳನ್ನು ಜೋಡಿಸಿ, ‘ಗಾಳಿ ಹೀಗೆ ಬೀಸುತ್ತಿದೆ, ವಿಮಾನ ಇಷ್ಟು ವೇಗದಲ್ಲಿದೆ’ ಎಂದು ಇನ್ನೊಂದು ಕಂಪ್ಯೂಟರಿನಿಂದ ಸುಳ್ಳು ಹೇಳಿಸಿ, ಪೈಲಟ್‌ನಿಂದ ನೆಲದಲ್ಲೇ ‘ಹಾರಿಸಿದರು’. ಈ ಕಬ್ಬಿಣದ ಹಕ್ಕಿಯ ಮೇಲೆ ಮನಸ್ಸಿಗೆ ಸಮಾಧಾನವಾದ ಮೇಲೆಯೇ 1972ರ ಮೇ 25ರಂದು ಗ್ಯಾರಿ ಕ್ರಿಯರ್ ಎಂಬ ಪೈಲಟ್ ನಿಜವಾದ ವಿಮಾನವನ್ನು ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್‌ನಲ್ಲಿ ಹಾರಿಸಿದರು. ಇಂದು ನೀವು ಹಜ್‌ಗೆ ಹೋಗಲಿ, ಕೊಲ್ಲಿ ದೇಶಕ್ಕೆ ಉದ್ಯೋಗಕ್ಕೆ ಹೋಗಲಿ, ಹತ್ತುವ ಅನೇಕ ದೊಡ್ಡ ವಿಮಾನಗಳು ಈ ಮಾರ್ಗದಲ್ಲೇ ಬೆಳೆದು ಬಂದವು.

ಪರೀಕ್ಷಾ ವೇದಿಕೆಯನ್ನು ಕಟ್ಟುವ ಬಗೆ

ಇಂಥ ವೇದಿಕೆಯನ್ನು ಹೇಗೆ ಕಟ್ಟುತ್ತಾರೆ? ಕ್ರಮವನ್ನು ಸ್ವಲ್ಪ ವಿವರವಾಗಿ ನೋಡೋಣ. ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಓದಬೇಕು.

ಮೊದಲನೆಯ ಮೆಟ್ಟಿಲು ಬಿಡಿಭಾಗಗಳ ಪರೀಕ್ಷೆ. ವೇಗ ಅಳೆಯುವ ಸಾಧನ, ಎತ್ತರ ಅಳೆಯುವ ಸಾಧನ, ಕಂಪ್ಯೂಟರ್, ಪರದೆ, ಹಲಗೆಗಳನ್ನು ಆಡಿಸುವ ಯಂತ್ರ – ಒಂದೊಂದನ್ನೂ ಪ್ರತ್ಯೇಕವಾಗಿ ಮೇಜಿನ ಮೇಲಿಟ್ಟು ನೋಡುತ್ತಾರೆ. ಬಿಸಿ, ಚಳಿ, ಅದುರುವಿಕೆಗಳಿಗೂ ಒಡ್ಡುತ್ತಾರೆ.

ಎರಡನೆಯದು ಬರೀ ತಂತ್ರಾಂಶದ ಪರೀಕ್ಷೆ. ಯಂತ್ರಗಳು ಇನ್ನೂ ಇಲ್ಲ. ವಿಮಾನದ ಸ್ವಭಾವವನ್ನು ಗಣಿತದ ಸಮೀಕರಣಗಳಲ್ಲಿ ಬರೆದು, ಆ ಸಮೀಕರಣಗಳ ಜೊತೆ ತಂತ್ರಾಂಶವನ್ನು ಆಡಿಸುತ್ತಾರೆ.

ಮೂರನೆಯದು ಬಹಳ ಮುಖ್ಯ. ಈಗ ತಂತ್ರಾಂಶವನ್ನು ಅದು ಮುಂದೆ ಹಾರಲಿರುವ ಅಸಲಿ ಕಂಪ್ಯೂಟರಿನೊಳಗೆ ತುಂಬುತ್ತಾರೆ. ಆ ಕಂಪ್ಯೂಟರಿಗೆ ಅಸಲಿ ಸಾಧನಗಳನ್ನು, ವಿಮಾನದಲ್ಲಿ ಬಳಸುವ ತಂತಿಗಳಿಂದಲೇ ಜೋಡಿಸುತ್ತಾರೆ. ಸೈನಿಕ ವಿಮಾನಗಳಲ್ಲಿ ಈ ಸಾಧನಗಳು ಒಂದರೊಡನೊಂದು ಮಾತನಾಡಲು ಸಾಮಾನ್ಯವಾಗಿ ‘1553ಬಿ’ ಎಂಬ ಮಾಹಿತಿ ಮಾರ್ಗ ಇರುತ್ತದೆ. ಒಂದು ಮಾರ್ಗಕ್ಕೆ 31 ಸಾಧನಗಳವರೆಗೆ ಸೇರಿಸಬಹುದು. ಒಬ್ಬ ಯಜಮಾನ ಕೇಳಿದಾಗ ಮಾತ್ರ ಉಳಿದವರು ಉತ್ತರಿಸಬೇಕು, ನಡುವೆ ಬಾಯಿ ಹಾಕುವಂತಿಲ್ಲ. ತರಗತಿಯ ಶಿಸ್ತು ಎಂದೇ ತಿಳಿಯಿರಿ. ಆಕಾಶದಲ್ಲಿ ಮಾತ್ರ ಸಿಗುವ ಸಂಗತಿಗಳನ್ನು, ಅಂದರೆ ಗಾಳಿಯ ಒತ್ತಡ, ವಿಮಾನದ ವಾಲುವಿಕೆ ಮೊದಲಾದವನ್ನು ಪಕ್ಕದ ಕಂಪ್ಯೂಟರ್ ಲೆಕ್ಕಹಾಕಿ ಕೊಡುತ್ತದೆ. ಅಸಲಿ ಕಂಪ್ಯೂಟರ್ ತಾನು ನಿಜವಾಗಿಯೇ ಹಾರುತ್ತಿದ್ದೇನೆಂದು ನಂಬಿ ಆಜ್ಞೆ ಕೊಡುತ್ತದೆ. ಆ ಆಜ್ಞೆಯಿಂದ ವಿಮಾನ ಹೇಗೆ ತಿರುಗುತ್ತಿತ್ತೆಂಬುದನ್ನು ಲೆಕ್ಕಹಾಕಿ ಮತ್ತೆ ಅದಕ್ಕೇ ತಿಳಿಸಲಾಗುತ್ತದೆ. ಹೀಗೆ ವರ್ತುಲ ಪೂರ್ಣಗೊಳ್ಳುತ್ತದೆ. ಇದೆಲ್ಲ ಗಡಿಯಾರದ ಸಮಯಕ್ಕೆ ಸರಿಯಾಗಿ ನಡೆಯಬೇಕು. ಸರಿಯಾದ ಉತ್ತರ ತಡವಾಗಿ ಬಂದರೆ ವಿಮಾನದ ಮಟ್ಟಿಗೆ ಅದು ತಪ್ಪು ಉತ್ತರವೇ.

ನಾಲ್ಕನೆಯದು ಕಬ್ಬಿಣದ ಹಕ್ಕಿ. ಎಣ್ಣೆಯ ಒತ್ತಡದಿಂದ ನಡೆಯುವ ಪಂಪು, ಕೊಳವೆ, ಹಲಗೆ ಆಡಿಸುವ ಯಂತ್ರಗಳೆಲ್ಲ ವಿಮಾನದಲ್ಲಿರುವಷ್ಟೇ ಅಂತರದಲ್ಲಿ, ಅಷ್ಟೇ ಉದ್ದದಲ್ಲಿ ಇಲ್ಲಿ ಇರುತ್ತವೆ. ಪೈಲಟ್ ಕೂರುವ ಜಾಗವೂ ಇರುತ್ತದೆ.

ಇಲ್ಲಿ ಎಂಜಿನಿಯರುಗಳ ಕೆಲಸ ಎಲ್ಲವೂ ಸರಿಯಾಗಿದೆ ಎಂದು ತೋರಿಸುವುದಲ್ಲ, ಬೇಕೆಂದೇ ಕೆಡಿಸಿ ನೋಡುವುದು. ಒಂದು ತಂತಿ ಕತ್ತರಿಸುತ್ತಾರೆ, ಒಂದು ಪಂಪು ನಿಲ್ಲಿಸುತ್ತಾರೆ, ಒಂದು ಸಾಧನದಿಂದ ಸುಳ್ಳು ಸಂಖ್ಯೆ ಕಳಿಸುತ್ತಾರೆ. ಆಗ ಉಳಿದ ಭಾಗಗಳು ಹೇಗೆ ನಡೆದುಕೊಳ್ಳುತ್ತವೆ? ಪ್ರತಿ ಪರೀಕ್ಷೆಗೂ ದಾಖಲೆ ಇರುತ್ತದೆ: ಯಾವ ತಂತ್ರಾಂಶದ ಎಷ್ಟನೆಯ ಆವೃತ್ತಿ, ಯಾವ ಕಂಪ್ಯೂಟರ್, ಏನು ನಿರೀಕ್ಷೆ, ಏನು ಫಲ. ಒಂದು ಸಾಲು ತಿದ್ದಿದರೂ ಹಳೆಯ ಪರೀಕ್ಷೆಗಳನ್ನು ಮತ್ತೆ ನಡೆಸಬೇಕು. ಬೇಸರದ ಕೆಲಸ, ಆದರೆ ಜೀವ ಉಳಿಸುವ ಕೆಲಸ.

ಉರ್ದು ಓದುವ ಮಕ್ಕಳಿಗೆ ಎರಡು ಪದಗಳು ಗೊತ್ತು: ಇಮ್ತಿಹಾನ್ ಮತ್ತು ಆಜ್‌ಮಾಯಿಶ್. ಶಾಲೆಯಲ್ಲಿ ನಾವು ಬರೆಯುವುದು ಇಮ್ತಿಹಾನ್. ಕಷ್ಟಕ್ಕೆ ಒಡ್ಡಿ, ತಾಳುತ್ತದೆಯೇ ಎಂದು ನೋಡುವುದು ಆಜ್‌ಮಾಯಿಶ್. ಕಬ್ಬಿಣದ ಹಕ್ಕಿಯ ಮೇಲೆ ನಡೆಯುವುದು ಎರಡನೆಯದು.

ಹೂಸ್ಟನ್‌ನ ಪ್ರಯೋಗಾಲಯ ಮತ್ತು 67ರಲ್ಲಿ ಒಂದು

ಅಮೆರಿಕದ ಬಾಹ್ಯಾಕಾಶ ನೌಕೆ ಸ್ಪೇಸ್ ಶಟಲ್‌ಗಾಗಿ ಹೂಸ್ಟನ್ ನಗರದ ಜಾನ್ಸನ್ ಕೇಂದ್ರದಲ್ಲಿ ಇಂಥ ದೊಡ್ಡ ಪ್ರಯೋಗಾಲಯವೊಂದನ್ನು ಕಟ್ಟಿದ್ದರು. ಅದರ ಹೆಸರಿನ ಸಂಕ್ಷೇಪ ‘ಸೇಲ್’. ನೌಕೆಯ ಎಲೆಕ್ಟ್ರಾನಿಕ್ ಸಾಧನಗಳನ್ನೆಲ್ಲ ಅಲ್ಲಿ ಅಸಲಿ ಸ್ಥಾನಗಳಲ್ಲಿಟ್ಟು, ಅಸಲಿ ಉದ್ದದ ತಂತಿಗಳಿಂದ ಜೋಡಿಸಿದ್ದರು. ರೆಕ್ಕೆಯೂ ಹೊದಿಕೆಯೂ ಇಲ್ಲದ ಆ ಅಸ್ಥಿಪಂಜರಕ್ಕೆ ನೌಕೆಗಳ ಸಾಲಿನಲ್ಲೇ ‘ಒ.ವಿ.-095’ ಎಂಬ ಸಂಖ್ಯೆ ಕೊಟ್ಟಿದ್ದರು. 2011ರಲ್ಲಿ ಶಟಲ್ ಯೋಜನೆ ಮುಗಿಯುವವರೆಗೂ ಅದು ಕೆಲಸ ಮಾಡಿತು.

ಇಷ್ಟಾದರೂ 1981ರ ಏಪ್ರಿಲ್ 10ರಂದು ಮೊದಲ ಉಡಾವಣೆಗೆ ಸುಮಾರು 20 ನಿಮಿಷ ಇದ್ದಾಗ ತೊಡಕು ಕಾಣಿಸಿತು. ನೌಕೆಯಲ್ಲಿ ಐದು ಕಂಪ್ಯೂಟರ್. ನಾಲ್ಕರಲ್ಲಿ ಒಂದೇ ತಂತ್ರಾಂಶ. ಐದನೆಯದರಲ್ಲಿ ಬೇರೆ ತಂಡ ಬರೆದ ತುರ್ತು ತಂತ್ರಾಂಶ. ಆ ಐದನೆಯದು ಉಳಿದ ನಾಲ್ಕರ ಜೊತೆ ಹೆಜ್ಜೆ ಹಾಕಲು ಒಪ್ಪಲಿಲ್ಲ. ಕಾರಣ ಹುಡುಕಿದಾಗ ತಿಳಿದದ್ದು: ಕಂಪ್ಯೂಟರುಗಳನ್ನು ಚಾಲೂ ಮಾಡುವ ಕ್ಷಣದಲ್ಲಿ 67ರಲ್ಲಿ ಒಂದು ಸಲ ಮಾತ್ರ ಸಮಯದ ಲೆಕ್ಕ ಕೊಂಚ ತಪ್ಪುವ ಸಾಧ್ಯತೆಯಿತ್ತು. ಅಷ್ಟು ಅಪರೂಪದ ದೋಷ ಉಡಾವಣೆಯ ದಿನವೇ ತಲೆದೋರಿತು. ಎರಡು ದಿನ ತಡೆದು, ಮತ್ತೆ ಚಾಲೂ ಮಾಡಿ, ಏಪ್ರಿಲ್ 12ರಂದು ಜಾನ್ ಯಂಗ್ ಮತ್ತು ರಾಬರ್ಟ್ ಕ್ರಿಪ್ಪೆನ್ ಸುರಕ್ಷಿತವಾಗಿ ಹೊರಟರು.

ಇದರಿಂದ ಎರಡು ಪಾಠ. ಪರೀಕ್ಷಾ ವೇದಿಕೆ ಎಷ್ಟೇ ದೊಡ್ಡದಿದ್ದರೂ ಎಲ್ಲ ತಪ್ಪೂ ಸಿಗುತ್ತದೆಂಬ ಅಹಂಕಾರ ಸಲ್ಲದು. ಇನ್ನೊಂದು, ತಾಳವಾಗದಿದ್ದಾಗ ನಿಲ್ಲಿಸುವ ಧೈರ್ಯ ಬೇಕು. ಅಂದು ನಿಲ್ಲಿಸಿದ್ದರಿಂದ ಕಳೆದುಕೊಂಡದ್ದು ಎರಡು ದಿನ ಮಾತ್ರ.

ಜೋಡಿಸದೆ ಬಿಟ್ಟ ಒಂದು ಪೆಟ್ಟಿಗೆ

ಈಗ ನಮ್ಮ ವಿಷಯದ ಅತ್ಯಂತ ದುಬಾರಿ ಪಾಠಕ್ಕೆ ಬರೋಣ. 1996ರ ಜೂನ್ 4. ಯುರೋಪಿನ ರಾಷ್ಟ್ರಗಳು ಕೂಡಿ ಕಟ್ಟಿದ ಏರಿಯಾನ್-5 ರಾಕೆಟ್ ದಕ್ಷಿಣ ಅಮೆರಿಕದ ಕೌರೂ ನೆಲೆಯಿಂದ ಮೊದಲ ಬಾರಿಗೆ ಮೇಲೇರಿತು. ಒಳಗೆ ಭೂಮಿಯ ಸುತ್ತಣ ಕಾಂತಕ್ಷೇತ್ರವನ್ನು ಅಭ್ಯಸಿಸಬೇಕಿದ್ದ ‘ಕ್ಲಸ್ಟರ್’ ಎಂಬ ನಾಲ್ಕು ಉಪಗ್ರಹಗಳು. ನೆಲ ಬಿಟ್ಟು ಸುಮಾರು 30 ಸೆಕೆಂಡು ಎಲ್ಲವೂ ಸರಿಯಾಗಿತ್ತು. ಆಮೇಲೆ ರಾಕೆಟ್ ಹಠಾತ್ತನೆ ವಾಲಿತು, ಮುರಿಯತೊಡಗಿತು, ತನ್ನನ್ನು ತಾನೇ ಸ್ಫೋಟಿಸಿಕೊಂಡಿತು. ಅನೇಕ ವರ್ಷಗಳ ದುಡಿಮೆ ಕಣ್ಣೆದುರೇ ಚೂರಾಯಿತು.

ಫ್ರಾನ್ಸಿನ ಗಣಿತಜ್ಞ ಜಾಕ್ ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ತನಿಖಾ ಮಂಡಳಿ ಅದೇ ಜುಲೈಯಲ್ಲಿ ವರದಿ ಕೊಟ್ಟಿತು. ಅದರ ಸಾರ ಹೀಗಿದೆ. ರಾಕೆಟ್ ಯಾವ ದಿಕ್ಕಿಗೆ, ಯಾವ ವೇಗದಲ್ಲಿ ಹೋಗುತ್ತಿದೆ ಎಂದು ಹೇಳುವ ಮಾರ್ಗದರ್ಶಕ ಪೆಟ್ಟಿಗೆಯನ್ನು ಹಿಂದಿನ ಏರಿಯಾನ್-4 ರಾಕೆಟ್‌ನಿಂದ ತೆಗೆದುಕೊಂಡಿದ್ದರು. ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತ್ತು. ಅದರೊಳಗೆ ಒಂದು ದೊಡ್ಡ ಸಂಖ್ಯೆಯನ್ನು 64 ಬಿಟ್‌ಗಳ ರೂಪದಿಂದ 16 ಬಿಟ್‌ಗಳ ರೂಪಕ್ಕೆ ಬದಲಿಸುವ ಸಾಲು ಇತ್ತು. 16 ಬಿಟ್‌ಗಳಲ್ಲಿ 32,767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಏರಿಯಾನ್-4ರಲ್ಲಿ ಆ ಸಂಖ್ಯೆ ಅಷ್ಟು ದೊಡ್ಡದಾಗುತ್ತಿರಲಿಲ್ಲ. ಆದರೆ ಏರಿಯಾನ್-5 ಬಲಶಾಲಿ. ಅದರ ಅಡ್ಡ ದಿಕ್ಕಿನ ವೇಗ ಹಳೆಯದಕ್ಕಿಂತ ಐದು ಪಟ್ಟು ಬೇಗ ಏರುತ್ತಿತ್ತು. ಸೇರಿನಲ್ಲಿ ಹಿಡಿಸದ ಅಕ್ಕಿಯನ್ನು ಸುರಿದಂತಾಯಿತು. ಪೆಟ್ಟಿಗೆ ಕೆಲಸ ನಿಲ್ಲಿಸಿತು.

ಆಪತ್ತಿಗೆಂದು ಎರಡನೆಯ ಪೆಟ್ಟಿಗೆ ಇತ್ತಲ್ಲ ಎನ್ನುವಿರಾ? ಇತ್ತು. ಆದರೆ ಅದರೊಳಗಿದ್ದದ್ದೂ ಅದೇ ತಂತ್ರಾಂಶ. ಅದೇ ಕಾರಣಕ್ಕೆ ಅದು 72 ಮಿಲಿಸೆಕೆಂಡು ಮೊದಲೇ ನಿಂತುಹೋಗಿತ್ತು. ಒಂದೇ ನೋಟ್ಸ್ ಬಾಯಿಪಾಠ ಮಾಡಿದ ಇಬ್ಬರು ವಿದ್ಯಾರ್ಥಿಗಳು ಒಂದೇ ತಪ್ಪು ಬರೆದಂತೆ. ನಿಂತ ಪೆಟ್ಟಿಗೆ ಕಳಿಸಿದ ದೋಷದ ಸಂಕೇತವನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಮಾಹಿತಿ ಎಂದು ಓದಿಕೊಂಡು, ಎಂಜಿನ್‌ನ ಬಾಯಿಯನ್ನು ಪೂರ್ತಿ ಒಂದು ಕಡೆ ತಿರುಗಿಸಿಬಿಟ್ಟಿತು. ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ತಪ್ಪಿದ ಆ ಲೆಕ್ಕ ರಾಕೆಟ್ ನೆಲದ ಮೇಲಿದ್ದಾಗ ಮಾತ್ರ ಬೇಕಾದದ್ದು. ಹಾರಾಟದಲ್ಲಿ ಅದರಿಂದ ಏರಿಯಾನ್-5ಕ್ಕೆ ಯಾವ ಉಪಯೋಗವೂ ಇರಲಿಲ್ಲ.

ಹಾಗಾದರೆ ಪರೀಕ್ಷಾ ವೇದಿಕೆ ಇರಲಿಲ್ಲವೇ? ಇತ್ತು, ದೊಡ್ಡದೇ ಇತ್ತು. ಬಹಳಷ್ಟು ಅಸಲಿ ಸಾಧನಗಳನ್ನು ಅಲ್ಲಿ ಜೋಡಿಸಿದ್ದರು. ಆದರೆ ಈ ಒಂದು ಮಾರ್ಗದರ್ಶಕ ಪೆಟ್ಟಿಗೆಯನ್ನು ಮಾತ್ರ ಜೋಡಿಸಿರಲಿಲ್ಲ. ಅದು ಈಗಾಗಲೇ ಪ್ರತ್ಯೇಕವಾಗಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದು ಭಾವಿಸಿ, ಅದರ ಜಾಗದಲ್ಲಿ ಅದರಂತೆ ಉತ್ತರಿಸುವ ಒಂದು ಕಂಪ್ಯೂಟರ್ ಪ್ರೋಗ್ರಾಂ ಇಟ್ಟಿದ್ದರು. ಆ ನಕಲಿಗೆ ಅಸಲಿಯ ದೌರ್ಬಲ್ಯ ಇರಲಿಲ್ಲ. ಅಸಲಿ ಪೆಟ್ಟಿಗೆಯನ್ನು ಸೇರಿಸಿ ಏರಿಯಾನ್-5ರ ನಿಜವಾದ ಮಾರ್ಗದಲ್ಲಿ ಪರೀಕ್ಷಿಸಿದ್ದರೆ ತಪ್ಪು ನೆಲದ ಮೇಲೆಯೇ ಸಿಗುತ್ತಿತ್ತು ಎಂದು ಮಂಡಳಿ ಹೇಳಿತು.

ಓದುಗರೇ, ಇದನ್ನೇ ನಾನು ಸಂಧಿಯ ತಪ್ಪು ಎಂದದ್ದು. ಪೆಟ್ಟಿಗೆ ಹಳೆಯ ರಾಕೆಟ್‌ನಲ್ಲಿ ಸರಿ, ಹೊಸ ರಾಕೆಟ್ ತನ್ನಷ್ಟಕ್ಕೆ ಸರಿ, ಎರಡೂ ಕೂಡಿದ್ದು ಮೊದಲ ಬಾರಿಗೆ ಆಕಾಶದಲ್ಲಿ.

ಬೆಂಗಳೂರಿನ ಕಬ್ಬಿಣದ ಹಕ್ಕಿ

ಈ ವರದಿ ಬಂದ ಕಾಲದಲ್ಲೇ ಬೆಂಗಳೂರಿನಲ್ಲಿ ಭಾರತದ ಹಗುರ ಯುದ್ಧವಿಮಾನ, ಅಂದರೆ ಎಲ್.ಸಿ.ಎ., ತಯಾರಾಗುತ್ತಿತ್ತು. ಇದಕ್ಕಾಗಿ 1984ರಲ್ಲಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಸ್ಥಾಪನೆಯಾಗಿತ್ತು. ಡಾ. ಕೋಟ ಹರಿನಾರಾಯಣ ಯೋಜನೆಯ ನಿರ್ದೇಶಕರು. ವಿಮಾನ ಕಟ್ಟಿದ್ದು ಎಚ್.ಎ.ಎಲ್. ಹಾರಾಟದ ನಿಯಂತ್ರಣ ಸೂತ್ರಗಳನ್ನು ರಚಿಸಿದ ತಂಡ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನ ಸುತ್ತ ಬೆಳೆಯಿತು. ನಿಯಂತ್ರಣ ಕಂಪ್ಯೂಟರಿನ ಹೊಣೆ ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್‌ನದು. ಎಲ್ಲವೂ ಒಂದೇ ನಗರದಲ್ಲಿ.

ಈ ವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ರೂಪಿಸಲಾಗಿದೆ. ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ನೆನಪಿಸಿಕೊಳ್ಳಿ. ಕೈ ಕ್ಷಣಕ್ಷಣಕ್ಕೂ ಸರಿಯುತ್ತಿದ್ದರೆ ಮಾತ್ರ ಕೋಲು ನಿಲ್ಲುತ್ತದೆ. ಅಸ್ಥಿರ ವಿಮಾನ ಚುರುಕಾಗಿ ತಿರುಗುತ್ತದೆ, ಆದರೆ ಕಂಪ್ಯೂಟರ್ ಇಲ್ಲದೆ ಪೈಲಟ್ ಅದನ್ನು ಹಿಡಿದಿಡಲಾರ. ಆದ್ದರಿಂದ ನಿಯಂತ್ರಣ ವ್ಯವಸ್ಥೆಯನ್ನು ನಾಲ್ಕು ಪಟ್ಟು ಇಟ್ಟರು. ನಾಲ್ಕೂ ಲೆಕ್ಕಗಳನ್ನು ಹೋಲಿಸಿ, ಬೇರೆಯಾದದ್ದನ್ನು ಹೊರಗಿಡುವ ಏರ್ಪಾಡು. ಸ್ವೀಡನ್ ದೇಶದ ಗ್ರಿಪೆನ್ ಎಂಬ ಇಂಥದೇ ಕಂಪ್ಯೂಟರ್ ಚಾಲಿತ ವಿಮಾನ 1989ರ ಫೆಬ್ರವರಿ 2ರಂದು ತನ್ನ ಆರನೆಯ ಹಾರಾಟದಲ್ಲೇ ಇಳಿಯುವಾಗ ಉರುಳಿಬಿದ್ದಿತ್ತು. ಪೈಲಟ್ ಬದುಕಿದ್ದೇ ಪುಣ್ಯ. ತಪ್ಪು ನಿಯಂತ್ರಣ ಸೂತ್ರಗಳಲ್ಲಿತ್ತು. ಹೀಗಾಗಿ ಬೆಂಗಳೂರಿನವರು ಆತುರಪಡುವಂತಿರಲಿಲ್ಲ.

ಮೊದಲ ವಿಮಾನ 1995ರ ನವೆಂಬರ್ 17ರಂದು ಶೆಡ್ಡಿನಿಂದ ಹೊರಬಂತು. ಆದರೆ ಹಾರಲಿಲ್ಲ. ನಿಯಂತ್ರಣ ವ್ಯವಸ್ಥೆಯ ಪರಿಶೀಲನೆಗೆ ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಸಹಾಯ ಪಡೆಯಲಾಗಿತ್ತು. ನಮ್ಮ ಎಂಜಿನಿಯರುಗಳು ಅಲ್ಲಿಗೆ ಹೋಗಿ ಕೆಲಸ ಮಾಡುತ್ತಿದ್ದರು. 1998ರ ಮೇ ತಿಂಗಳಲ್ಲಿ ಭಾರತ ಪೋಖರಣ್‌ನಲ್ಲಿ ಅಣು ಪರೀಕ್ಷೆ ನಡೆಸಿತು. ಅಮೆರಿಕ ನಿರ್ಬಂಧ ಹೇರಿತು. ಅಲ್ಲಿದ್ದ ನಮ್ಮವರು ಕೆಲಸವನ್ನು ಅರ್ಧಕ್ಕೇ ಬಿಟ್ಟು ಮರಳಬೇಕಾಯಿತು.

ಇನ್ನು ಮುಂದೆ ಕೇಳುವುದಕ್ಕೆ ಯಾರೂ ಇರಲಿಲ್ಲ. ವಿದೇಶದ ಪ್ರಯೋಗಾಲಯದ ಬಾಗಿಲು ಮುಚ್ಚಿದ ದಿನ ಸ್ವದೇಶದ ಪರೀಕ್ಷಾ ವೇದಿಕೆಯ ಬೆಲೆ ಗೊತ್ತಾಯಿತು. ಎಚ್.ಎ.ಎಲ್.ನಲ್ಲಿ ಪೂರ್ಣ ಪ್ರಮಾಣದ ಕಬ್ಬಿಣದ ಹಕ್ಕಿ ಇತ್ತು. ಅದಕ್ಕಿಂತ ಚಿಕ್ಕದಾದ ‘ಮಿನಿ ಬರ್ಡ್’ ಇತ್ತು. ಪರದೆ, ಮಿಷನ್ ಕಂಪ್ಯೂಟರ್, ಸಂಪರ್ಕ ಸಾಧನಗಳನ್ನು ಕೂಡಿಸಿ ನೋಡಲು ಪ್ರತ್ಯೇಕ ಏವಿಯಾನಿಕ್ಸ್ ವೇದಿಕೆ ಇತ್ತು. ಪೈಲಟ್‌ಗಳು ಕೂತು ಹಾರಿಸಿ ನೋಡುವ ಸಿಮ್ಯುಲೇಟರ್ ಇತ್ತು. ಇವುಗಳ ಮೇಲೆ ಪರೀಕ್ಷೆ, ತಪ್ಪು, ತಿದ್ದುಪಡಿ, ಮತ್ತೆ ಪರೀಕ್ಷೆ ಎಂದು ವರ್ಷಗಳು ಉರುಳಿದವು. ಹೊರಗಿನವರು ‘ಹಾರದ ವಿಮಾನ’ ಎಂದು ಹಾಸ್ಯ ಮಾಡಿದರು. ಒಳಗಿನವರು ಉತ್ತರ ಕೊಡಲಿಲ್ಲ, ಕೆಲಸ ಮಾಡಿದರು.

2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದಿಂದ ಆ ವಿಮಾನವನ್ನು ಮೇಲೇರಿಸಿ, 18 ನಿಮಿಷ ಹಾರಿಸಿ, ಸುರಕ್ಷಿತವಾಗಿ ಇಳಿಸಿದರು. 2003ರಲ್ಲಿ ಅದಕ್ಕೆ ‘ತೇಜಸ್’ ಎಂದು ಹೆಸರಾಯಿತು. 2016ರ ಜುಲೈಯಲ್ಲಿ ವಾಯುಪಡೆಯ ಮೊದಲ ತೇಜಸ್ ತುಕಡಿ ಬೆಂಗಳೂರಿನಲ್ಲೇ ರಚನೆಯಾಯಿತು. ಮೊದಲ ಹಾರಾಟದಿಂದ 2024ರ ಮಾರ್ಚ್‌ವರೆಗೆ, 23 ವರ್ಷಗಳ ಕಾಲ, ಒಂದು ತೇಜಸ್ ಕೂಡ ಅಪಘಾತಕ್ಕೀಡಾಗಲಿಲ್ಲ. ಆ ತಿಂಗಳು ಜೈಸಲ್ಮೇರ್ ಬಳಿ ಒಂದು ಬಿತ್ತು, ಪೈಲಟ್ ಪಾರಾದರು. 2025ರ ನವೆಂಬರ್‌ನಲ್ಲಿ ದುಬೈ ಪ್ರದರ್ಶನದಲ್ಲಿ ಇನ್ನೊಂದು ಬಿದ್ದು ಪೈಲಟ್ ಪ್ರಾಣ ಕಳೆದುಕೊಂಡರು. ನೆಲದ ಪರೀಕ್ಷೆ ಅಪಾಯವನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಆಕಾಶಕ್ಕೇರುವವರ ಧೈರ್ಯಕ್ಕೆ ಆದ್ದರಿಂದಲೇ ನಾವು ತಲೆಬಾಗಬೇಕು.

ಪರೀಕ್ಷೆಯ ಮಾತನ್ನು ಕೇಳುವುದು

ಬೆಂಗಳೂರಿನಲ್ಲಿ ಈ ಕೆಲಸ ನಡೆಯುತ್ತಿದ್ದಾಗ ದೇಶದ ರಕ್ಷಣಾ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ. ಪರೀಕ್ಷೆಯ ಬೆಲೆ ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. 1979ರ ಆಗಸ್ಟ್ 10ರಂದು ಶ್ರೀಹರಿಕೋಟದಲ್ಲಿ ಎಸ್.ಎಲ್.ವಿ.-3 ರಾಕೆಟ್‌ನ ಮೊದಲ ಉಡಾವಣೆಗೆ ಅವರೇ ನಿರ್ದೇಶಕರು. ಕೊನೆಯ ಕ್ಷಣದಲ್ಲಿ ತಪಾಸಣೆಯ ಕಂಪ್ಯೂಟರ್ ಉಡಾವಣೆಯನ್ನು ತಡೆಹಿಡಿಯಿತು. ತಜ್ಞರು ಲೆಕ್ಕ ನೋಡಿ ತೊಂದರೆಯಿಲ್ಲ ಎಂದರು. ಅವರು ಉಡಾವಣೆಗೆ ಆಜ್ಞೆ ಕೊಟ್ಟರು. ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಅಂದು ಇಸ್ರೋ ಅಧ್ಯಕ್ಷ ಸತೀಶ್ ಧವನ್ ಪತ್ರಕರ್ತರ ಮುಂದೆ ಸೋಲಿನ ಹೊಣೆಯನ್ನು ತಾವೇ ಹೊತ್ತರು. 1980ರ ಜುಲೈ 18ರಂದು ಗೆದ್ದಾಗ ಮಾತ್ರ ಕಲಾಂ ಅವರನ್ನೇ ಮುಂದೆ ಕಳಿಸಿದರು. ಈ ಕಥೆಯನ್ನು ಕಲಾಂ ಸಾಹೇಬರು ಮಕ್ಕಳ ಮುಂದೆ ಮತ್ತೆ ಮತ್ತೆ ಹೇಳುತ್ತಿದ್ದರು. ನಾಯಕತ್ವದ ಪಾಠವೆಂದು ನಾವು ಅದನ್ನು ನೆನೆಯುತ್ತೇವೆ. ಅದರೊಳಗೆ ಇನ್ನೊಂದು ಪಾಠವೂ ಇದೆ: ಯಂತ್ರ ‘ತಾಳು’ ಎಂದಾಗ ಏಕೆ ಎಂದು ಪೂರ್ತಿ ತಿಳಿಯುವವರೆಗೆ ತಾಳಬೇಕು.

ವಿದ್ಯಾರ್ಥಿಗಳಿಗೆ ಎರಡು ಮಾತು

ಪೈಲಟ್ ಆಗಬೇಕು, ವಿಜ್ಞಾನಿಯಾಗಬೇಕು ಎಂದು ಕನಸು ಕಾಣುವ ಮಕ್ಕಳು ನಮ್ಮಲ್ಲಿ ಈಗ ಕಡಿಮೆಯಿಲ್ಲ. ಸಂತೋಷ. ಆದರೆ ಹೆಸರು ಪತ್ರಿಕೆಯಲ್ಲಿ ಬಾರದ ಕೆಲಸಗಳತ್ತಲೂ ಕಣ್ಣು ಹಾಯಿಸಿ. ಪರೀಕ್ಷಾ ವೇದಿಕೆಯಲ್ಲಿ ತಂತಿ ಜೋಡಿಸುವ ತಂತ್ರಜ್ಞ ಬೇಕು, ಹೈಡ್ರಾಲಿಕ್ ಬಲ್ಲ ಫಿಟ್ಟರ್ ಬೇಕು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವರು ಬೇಕು, ಗಣಿತ ಬಲ್ಲವರು ಬೇಕು, ಪ್ರೋಗ್ರಾಂ ಬರೆಯುವವರು ಬೇಕು, ಆ ಪ್ರೋಗ್ರಾಂನಲ್ಲಿ ತಪ್ಪು ಹುಡುಕುವವರೂ ಬೇಕು. ನಡೆದದ್ದನ್ನು ಸ್ಪಷ್ಟವಾಗಿ, ಒಂದು ಪದ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಬರೆದಿಡಬಲ್ಲವರು ಬೇಕು. ಈ ಕೆಲಸಗಳಿಗೆ ಐ.ಟಿ.ಐ.ಯಿಂದ ಎಂ.ಟೆಕ್.ವರೆಗೆ ಹಲವು ದಾರಿಗಳಿವೆ. ಹೆಣ್ಣುಮಕ್ಕಳಿಗೂ ಇವು ಅಷ್ಟೇ ಒಪ್ಪುವ ಕೆಲಸಗಳು. ತಂದೆತಾಯಿಗಳು ಮತ್ತು ಸಂಘದ ಹಿರಿಯರು ಇದನ್ನು ದಯವಿಟ್ಟು ಗಮನಿಸಬೇಕು.

ಇನ್ನೊಂದು ಮಾತು ನಮ್ಮ ಓದಿನ ಬಗ್ಗೆ. ಗಣಿತದಲ್ಲಿ ತೇರ್ಗಡೆ, ಭೌತಶಾಸ್ತ್ರದಲ್ಲಿ ತೇರ್ಗಡೆ, ಇಂಗ್ಲಿಷಿನಲ್ಲಿ ತೇರ್ಗಡೆ ಎಂದು ನಾವು ಬಿಡಿಬಿಡಿಯಾಗಿ ಅಂಕ ಎಣಿಸುತ್ತೇವೆ. ಮುಂದೆ ಉದ್ಯೋಗದಲ್ಲಿ ಇವೆಲ್ಲ ಒಂದೇ ಸಲ, ಒಂದೇ ಕೆಲಸದಲ್ಲಿ ಕೂಡಬೇಕಾಗುತ್ತದೆ. ಏರಿಯಾನ್‌ನ ಪೆಟ್ಟಿಗೆಯಂತೆ ಬಿಡಿಯಾಗಿ ಉತ್ತೀರ್ಣರಾಗಿ, ಕೂಡಿದಾಗ ನಿಂತುಹೋಗಬಾರದು. ಆದ್ದರಿಂದ ಶಾಲೆಯ ಪ್ರಯೋಗಾಲಯದಲ್ಲಿ, ವಿಜ್ಞಾನ ಮೇಳದಲ್ಲಿ, ಮನೆಯ ಹಳೆಯ ರೇಡಿಯೊ ಬಿಚ್ಚಿ ಜೋಡಿಸುವಾಗ, ಕಲಿತದ್ದನ್ನು ಕೂಡಿಸಿ ನೋಡಿ. ಕೆಟ್ಟರೆ ಹೆದರಬೇಡಿ, ಏಕೆ ಕೆಟ್ಟಿತೆಂದು ಬರೆದಿಡಿ. ಇಲ್ಲಿ ಸಿಕ್ಕಿದ ತಪ್ಪಿಗೆ ಯಾರ ಪ್ರಾಣವೂ ಹೋಗುವುದಿಲ್ಲ. ನೆಲದ ಮೇಲೆ ಸಿಕ್ಕಿದ ತಪ್ಪು ಸೋಲಲ್ಲ, ಅದು ಮುಂದೆ ಹಾರಲಿರುವವನೊಬ್ಬನಿಗೆ ನಾವು ಮಾಡಿದ ಉಪಕಾರ.